ಸಾಮಾಜಿಕ ಜಾಲತಾಣಗಳಿಂದ ಜನಮನದ ಅಳತೆ

ಸಾಮಾಜಿಕ ಜಾಲತಾಣಗಳಿಂದ ಜನಮನದ ಅಳತೆ ಎಂದರೆ ಎಕ್ಸ್ (ಹಿಂದಿನ ಟ್ವಿಟರ್), ಫೇಸ್‌ಬುಕ್, ಯೂಟ್ಯೂಬ್ ಮುಂತಾದ ತಾಣಗಳಲ್ಲಿ ಸಾರ್ವಜನಿಕರು ಪ್ರಕಟಿಸುವ ಬರಹ ಮತ್ತು ಪ್ರತಿಕ್ರಿಯೆಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿ, ಅವುಗಳ ಆಧಾರದಿಂದ ಒಂದು ಸಮುದಾಯದ ಒಲವು, ಅಸಮಾಧಾನ, ಭಯ ಅಥವಾ ಸಂತೋಷವನ್ನು ಅಂದಾಜು ಮಾಡುವ ವಿಧಾನವಾಗಿದೆ. ಗಣಕ ವಿಜ್ಞಾನದಲ್ಲಿ ಇದರ ಮುಖ್ಯ ಸಾಧನವನ್ನು ಸೆಂಟಿಮೆಂಟ್ ಅನಾಲಿಸಿಸ್ ಎಂದೂ ಕನ್ನಡದಲ್ಲಿ ಭಾವ ವಿಶ್ಲೇಷಣೆ ಎಂದೂ ಕರೆಯಲಾಗುತ್ತದೆ. ಚುನಾವಣೆ, ಮಾರುಕಟ್ಟೆ, ಸಾಂಕ್ರಾಮಿಕ ರೋಗ, ಸರ್ಕಾರಿ ಯೋಜನೆಗಳ ಬಗೆಗಿನ ಜನಾಭಿಪ್ರಾಯ ಮುಂತಾದ ವಿಷಯಗಳಲ್ಲಿ 2010ರ ಸುಮಾರಿನಿಂದ ಈ ವಿಧಾನವನ್ನು ಬಳಸಲಾಗುತ್ತಿದೆ. ಭೂಕಂಪ, ಪ್ರವಾಹಗಳಂತಹ ಹಠಾತ್ ಘಟನೆಗಳನ್ನು ಗುರುತಿಸುವುದರಲ್ಲಿ ಇದು ಉತ್ತಮ ಫಲ ನೀಡಿದೆ. ಆದರೆ ಒಂದು ಪ್ರದೇಶದ ಎಲ್ಲ ಜನರ ಮನಸ್ಸನ್ನು ತಿಳಿಸುತ್ತದೆ ಎಂಬ ವಾದ ಅನೇಕ ಬಾರಿ ಸುಳ್ಳಾಗಿದೆ. ಈ ಲೇಖನದಲ್ಲಿ ವಿಷಯದ ಸ್ಪಷ್ಟತೆಗಾಗಿ ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ನಿದರ್ಶನಗಳನ್ನು ಬಳಸಿಕೊಳ್ಳಲಾಗಿದೆ.

ಹಿನ್ನೆಲೆ

ಜನರ ಮನಸ್ಸನ್ನು ತಿಳಿಯುವ ಬಯಕೆ ಆಳುವವರಿಗೆ ಹೊಸದಲ್ಲ. ಮಾರುವೇಷದಲ್ಲಿ ಊರು ಸುತ್ತುವ ರಾಜನ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪತ್ರಿಕೆಗಳು ಬಂದ ಮೇಲೆ ಪ್ರಜಾವಾಣಿಯ ‘ವಾಚಕರ ವಾಣಿ’ಯಂತಹ ಅಂಕಣಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಿದವು. ಹದಿನೈದು ಪೈಸೆಯ ಕಾರ್ಡಿನಲ್ಲಿ ಬರೆಯುವವನೂ ಯೋಚಿಸಿ, ಹೆಸರು ಮತ್ತು ಊರನ್ನು ನಮೂದಿಸಿ ಬರೆಯಬೇಕಾಗಿತ್ತು. ಆದರೆ ಪತ್ರ ಬರೆಯುವವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು ಎಂಬುದನ್ನು ಮರೆಯಬಾರದು.

ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಅಂದಾಜು ಸರಿಯಾಗುವುದಿಲ್ಲ ಎಂಬುದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯದು. 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಆ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯ ಮೂಲಕ ಮತಪತ್ರ ಕಳುಹಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಅದರ ಆಧಾರದಿಂದ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಆದರೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಂದಿನ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆ ವಿಳಾಸಗಳನ್ನು ಆಯ್ದುಕೊಂಡದ್ದು ದೂರವಾಣಿ ಕೈಪಿಡಿ ಮತ್ತು ಮೋಟಾರು ವಾಹನಗಳ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅವೆರಡೂ ಉಳ್ಳವರ ಸ್ವತ್ತು. ಉತ್ತರಿಸುವ ಉಮೇದು ಯಾರಿಗೆ ಹೆಚ್ಚಾಗಿತ್ತು ಎಂಬುದೂ ಫಲಿತಾಂಶವನ್ನು ಬಾಗಿಸಿತು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಸುಮಾರು ಐವತ್ತು ಸಾವಿರ ಜನರ ಮಾದರಿಯಿಂದ ಗೆಲ್ಲುವವರು ಯಾರೆಂಬುದನ್ನು ಸರಿಯಾಗಿ ಹೇಳಿದರು. ಜಾಲತಾಣಗಳ ವಿಷಯದಲ್ಲಿ ಇಂದು ನಡೆಯುವ ಚರ್ಚೆಯ ಬೀಜವೆಲ್ಲ ಈ ಪ್ರಸಂಗದಲ್ಲಿದೆ.

ಕಾರ್ಯವಿಧಾನ

ಅತ್ಯಂತ ಸರಳವಾದ ವಿಧಾನ ಎಣಿಕೆ. ಒಬ್ಬ ಅಭ್ಯರ್ಥಿಯ ಹೆಸರು ಅಥವಾ ಒಂದು ವಸ್ತುವಿನ ಹೆಸರು ಎಷ್ಟು ಸಲ ಬಂದಿದೆ ಎಂದು ಲೆಕ್ಕ ಹಾಕಲಾಗುತ್ತದೆ. ಎರಡನೆಯದು ಪದಪಟ್ಟಿಯ ವಿಧಾನ. ‘ಸಂತೋಷ’, ‘ಚೆನ್ನಾಗಿದೆ’ ಮುಂತಾದ ಪದಗಳಿಗೆ ಧನ ಅಂಕವನ್ನೂ ‘ಮೋಸ’, ‘ನಷ್ಟ’ ಮುಂತಾದವುಗಳಿಗೆ ಋಣ ಅಂಕವನ್ನೂ ಕೊಟ್ಟು ಒಟ್ಟು ಮೊತ್ತವನ್ನು ಕಂಡುಕೊಳ್ಳುತ್ತಾರೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾನಿಲಯದ ‘ಹೆಡೊನೋಮೀಟರ್’ ಈ ಬಗೆಯದು. ಮೂರನೆಯದು ಯಂತ್ರಕಲಿಕೆ. ಮನುಷ್ಯರು ಓದಿ ಗುರುತು ಹಾಕಿದ ಸಾವಿರಾರು ವಾಕ್ಯಗಳನ್ನು ಗಣಕಕ್ಕೆ ಉಣಿಸಿ, ಹೊಸ ವಾಕ್ಯಗಳ ಭಾವವನ್ನು ಅದೇ ಊಹಿಸುವಂತೆ ಮಾಡಲಾಗುತ್ತದೆ. ಈಚಿನ ಬೃಹತ್ ಭಾಷಾ ಮಾದರಿಗಳು ಈ ಕೆಲಸವನ್ನು ಇನ್ನಷ್ಟು ಚೊಕ್ಕವಾಗಿ ಮಾಡುತ್ತವೆ. ಆದರೆ ವಾಕ್ಯವನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದು ಬೇರೆ, ಆ ವಾಕ್ಯ ಬರೆದವನು ಊರಿನ ಪ್ರತಿನಿಧಿಯೇ ಎಂದು ತಿಳಿಯುವುದು ಬೇರೆ. ಮೊದಲನೆಯ ಸಮಸ್ಯೆಯನ್ನು ಯಂತ್ರ ಬಹುಮಟ್ಟಿಗೆ ಬಿಡಿಸಬಲ್ಲದು, ಎರಡನೆಯದನ್ನು ಬಿಡಿಸಲಾರದು.

ಪ್ರಮುಖ ಅಧ್ಯಯನಗಳು

2010ನೆಯ ಇಸವಿ ಈ ಕ್ಷೇತ್ರದ ಉತ್ಸಾಹದ ವರ್ಷ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಮೆರಿಕದ ಗ್ರಾಹಕರ ವಿಶ್ವಾಸ ಸೂಚ್ಯಂಕಕ್ಕೂ ಟ್ವೀಟುಗಳ ಭಾವಕ್ಕೂ ನಿಕಟ ಸಂಬಂಧವಿದೆಯೆಂದು ತೋರಿಸಿದರು. ಅದೇ ವರ್ಷ ಜರ್ಮನಿಯ ಸಂಶೋಧಕರ ತಂಡವೊಂದು, 2009ರ ಜರ್ಮನಿ ಸಂಸತ್ ಚುನಾವಣೆಯಲ್ಲಿ ಪಕ್ಷಗಳ ಹೆಸರು ಟ್ವೀಟುಗಳಲ್ಲಿ ಬಂದ ಪ್ರಮಾಣ ಅವು ಪಡೆದ ಮತಗಳ ಪ್ರಮಾಣಕ್ಕೆ ಹತ್ತಿರವಾಗಿತ್ತು ಎಂದು ಪ್ರಕಟಿಸಿತು. ಇದು ಜಗತ್ತಿನಾದ್ಯಂತ ಸುದ್ದಿಯಾಯಿತು.

ಆದರೆ ಬೇರೆ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದಾಗ ಒಂದು ವಿಚಿತ್ರ ಹೊರಬಿತ್ತು. ಮೂಲ ಅಧ್ಯಯನದಲ್ಲಿ ದೊಡ್ಡ ಪಕ್ಷಗಳನ್ನು ಮಾತ್ರ ಸೇರಿಸಿಕೊಳ್ಳಲಾಗಿತ್ತು. ಅಂತರ್ಜಾಲದ ಸ್ವಾತಂತ್ರ್ಯಕ್ಕಾಗಿಯೇ ಹುಟ್ಟಿದ ‘ಪೈರೇಟ್ ಪಾರ್ಟಿ’ಯನ್ನೂ ಸೇರಿಸಿದರೆ, ಟ್ವೀಟುಗಳ ಎಣಿಕೆಯ ಪ್ರಕಾರ ಆ ಪಕ್ಷವೇ ಮೊದಲ ಸ್ಥಾನದಲ್ಲಿರಬೇಕಾಗಿತ್ತು. ಅದು ನಿಜವಾಗಿ ಪಡೆದದ್ದು ನೂರಕ್ಕೆ ಎರಡು ಮತ. ಯಾವುದನ್ನು ಎಣಿಸಬೇಕು, ಯಾವ ದಿನದಿಂದ ಯಾವ ದಿನದವರೆಗೆ ಎಣಿಸಬೇಕು ಎಂಬುದನ್ನು ಫಲಿತಾಂಶ ಬಂದ ಮೇಲೆ ತೀರ್ಮಾನಿಸಿದರೆ ಯಾವ ಭವಿಷ್ಯವನ್ನಾದರೂ ಸರಿಹೊಂದಿಸಬಹುದು. ಚುನಾವಣೆ ಮುಗಿದ ಮೇಲೆ ಪ್ರಕಟವಾಗುವ ಮುನ್ಸೂಚನೆಗಳನ್ನು ಓದುವಾಗ ವಿದ್ಯಾರ್ಥಿಗಳು ಈ ಮಾತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಗೂಗಲ್ ಸಂಸ್ಥೆ 2008ರಲ್ಲಿ ಆರಂಭಿಸಿದ ‘ಫ್ಲೂ ಟ್ರೆಂಡ್ಸ್’ ಎಂಬ ಸೇವೆ ಜಾಲತಾಣದ ಬರಹವನ್ನಲ್ಲ, ಜನರ ಹುಡುಕಾಟದ ಪದಗಳನ್ನು ಆಧರಿಸಿತ್ತು. ಜ್ವರದ ಬಗ್ಗೆ ಹುಡುಕುವವರ ಸಂಖ್ಯೆಯಿಂದ ಜ್ವರ ಬಂದವರ ಸಂಖ್ಯೆಯನ್ನು ಅದು ಅಂದಾಜು ಮಾಡುತ್ತಿತ್ತು. 2012–13ರ ಚಳಿಗಾಲದಲ್ಲಿ ಅದರ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಾಗಿ, 2015ರಲ್ಲಿ ಸೇವೆಯೇ ನಿಂತಿತು. ಜ್ವರದ ಸುದ್ದಿ ಕೇಳಿ ಹೆದರಿದವರೂ ಹುಡುಕುತ್ತಾರಷ್ಟೆ.

2020ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ ಪದಪಟ್ಟಿಯ ವಿಧಾನದ ದೋಷವನ್ನು ಬಯಲು ಮಾಡಿತು. ‘ಲವ್’, ‘ಗುಡ್’ ಮತ್ತು ನಗೆಯನ್ನು ಸೂಚಿಸುವ ‘ಎಲ್‌ಓಎಲ್’ ಎಂಬ ಪದಗಳು ಹೆಚ್ಚಾಗಿ ಬಳಕೆಯಾಗುವ ಜಿಲ್ಲೆಗಳು ಹೆಚ್ಚು ನೆಮ್ಮದಿಯ ಜಿಲ್ಲೆಗಳೇನೂ ಆಗಿರಲಿಲ್ಲ. ಈ ಮೂರು ಪದಗಳನ್ನು ಪಟ್ಟಿಯಿಂದ ತೆಗೆದುಹಾಕಿದಾಗ ಅಂದಾಜು ಗಮನಾರ್ಹವಾಗಿ ಸುಧಾರಿಸಿತು.

ಕನ್ನಡ ಬರಹಗಳ ವಿಶೇಷ ತೊಡಕು

ಕನ್ನಡಿಗರು ಜಾಲತಾಣಗಳಲ್ಲಿ ಬರೆಯುವುದು ಬಹುಪಾಲು ಮಿಶ್ರಭಾಷೆಯಲ್ಲಿ. ಕನ್ನಡ ವಾಕ್ಯವನ್ನು ರೋಮನ್ ಲಿಪಿಯಲ್ಲಿ ಬರೆಯುವುದು, ಇಂಗ್ಲಿಷ್ ನಾಮಪದಕ್ಕೆ ಕನ್ನಡ ಪ್ರತ್ಯಯ ಹಚ್ಚುವುದು, ಒಂದೇ ಪದವನ್ನು ಹತ್ತು ಕಾಗುಣಿತಗಳಲ್ಲಿ ಬರೆಯುವುದು ಸಾಮಾನ್ಯ. ಇಂತಹ ಬರಹಗಳ ಭಾವ ವಿಶ್ಲೇಷಣೆಗಾಗಿ ಯೂಟ್ಯೂಬ್ ಪ್ರತಿಕ್ರಿಯೆಗಳಿಂದ ಆಯ್ದ ಏಳೂವರೆ ಸಾವಿರಕ್ಕೂ ಹೆಚ್ಚು ವಾಕ್ಯಗಳ ‘ಕನ್‌ಸಿಎಂಡಿ’ ಎಂಬ ಸಂಗ್ರಹ 2020ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಇರುವ ಸಂಗ್ರಹಗಳ ಮುಂದೆ ಇದು ಚಿಕ್ಕದು.

ಲಿಪಿಗಿಂತ ದೊಡ್ಡ ತೊಡಕು ಅರ್ಥದ್ದು. ‘ಪರವಾಗಿಲ್ಲ’ ಎಂಬ ಮಾತಿನ ರೂಪ ನಿಷೇಧದ್ದು, ಅರ್ಥ ಒಪ್ಪಿಗೆಯದು. ‘ಚಿಂದಿ’, ‘ಬೆಂಕಿ’ ಎಂಬ ಪದಗಳು ಇಂದಿನ ಯುವಕರ ಬಾಯಲ್ಲಿ ಹೊಗಳಿಕೆಗಳು. ಬೇಸಿಗೆಯಲ್ಲಿ ತೋಟಕ್ಕೆ ಬೆಂಕಿ ಬಿದ್ದ ರೈತನ ಬರಹದಲ್ಲಿ ಅದೇ ಪದ ಅಕ್ಷರಶಃ ಬೆಂಕಿ. ‘ಭಾರಿ ಉಪಕಾರ ಮಾಡಿದಿರಿ ಬಿಡಿ ಸ್ವಾಮಿ’ ಎಂಬ ವಾಕ್ಯದಲ್ಲಿ ಒಂದೇ ಒಂದು ಕೆಟ್ಟ ಪದವಿಲ್ಲ; ಆದರೆ ಬಯಲುಸೀಮೆಯ ಯಾವ ಓದುಗನಿಗೂ ಅದು ಬೈಗುಳವೆಂದು ಗೊತ್ತು. ವ್ಯಂಗ್ಯವೇ ದೂರಿನ ಸಹಜ ರೂಪವಾಗಿರುವ ಭಾಷೆಯಲ್ಲಿ ಪದಗಳನ್ನು ಕೂಡಿ ಕಳೆಯುವ ಲೆಕ್ಕ ತಲೆಕೆಳಗಾಗುತ್ತದೆ.

ತೆಂಗಿನ ಸೀಮೆಯ ನಿದರ್ಶನ: ಕೊಬ್ಬರಿಯ ದರ

ತುಮಕೂರು ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರಿದೆ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಉಂಡೆ ಕೊಬ್ಬರಿಯ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದುದು. ಕೇರಳ, ತಮಿಳುನಾಡುಗಳಲ್ಲಿ ಕಾಯಿಯನ್ನು ಒಡೆದು ಒಣಗಿಸಿ ಎಣ್ಣೆಗೆ ಬಳಸುವುದು ಹೆಚ್ಚು. ಈ ಸೀಮೆಯಲ್ಲಿ ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಲವು ತಿಂಗಳು, ಹೆಚ್ಚುಕಡಿಮೆ ಒಂದು ವರ್ಷ, ಹಾಗೆಯೇ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಗಡಗಡ ಸದ್ದಾಗುವಾಗ ಅದು ಕೊಬ್ಬರಿಯಾಗಿದೆ ಎಂದು ಅರ್ಥ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ತೆಗೆದು, ಇಡೀ ಉಂಡೆಯನ್ನು ಮಾರುಕಟ್ಟೆಗೆ ತರುತ್ತಾರೆ. ಅದು ಹೆಚ್ಚಾಗಿ ಉತ್ತರ ಭಾರತದ ರಾಜ್ಯಗಳಿಗೆ ಹೋಗುತ್ತದೆ.

ಈ ವಿವರ ಇಲ್ಲಿ ಏಕೆ ಬೇಕೆಂದರೆ, ಬೆಳೆಗಾರನ ಮನಸ್ಸು ಒಂದು ದಿನದ ಮನಸ್ಸಲ್ಲ. ಕೊಬ್ಬರಿಯ ದರ ಹರಾಜಿನ ದಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕ್ಷಣಮಾತ್ರದಲ್ಲಿ ಹರಡುತ್ತದೆ. ಸಂತೋಷವೋ ಸಿಟ್ಟೋ ಅಲ್ಲಿಯೇ ವ್ಯಕ್ತವಾಗುತ್ತದೆ. ಆದರೆ ಅಟ್ಟದಿಂದ ಕಾಯಿ ಇಳಿಸುವುದೋ ಇನ್ನೂ ಕಾಯುವುದೋ ಎಂಬ ನಿರ್ಧಾರವನ್ನು ಸಾಲದ ಕಂತು, ಮಗಳ ಮದುವೆ, ಮಳೆಯ ಲಕ್ಷಣ ಇವೆಲ್ಲವೂ ಸೇರಿ ಮಾಡುತ್ತವೆ. ಮಾರುಕಟ್ಟೆಗೆ ಬರುವ ಆವಕದ ಲೆಕ್ಕವನ್ನು ನೋಡಿದರೆ ರೈತರ ನಂಬಿಕೆ ಮತ್ತು ಅನುಮಾನಗಳು ಬರಹಗಳಿಗಿಂತ ಚೆನ್ನಾಗಿ ತಿಳಿಯಬಹುದು. ಅದೂ ಪೂರ್ತಿ ಸ್ಪಷ್ಟವಲ್ಲ: ದರ ಇಳಿದಾಗ ಉಳ್ಳವನು ಕಾಯುತ್ತಾನೆ, ಇಲ್ಲದವನು ಮಾರುತ್ತಾನೆ. ಆವಕ ಹೆಚ್ಚಾದದ್ದು ಉತ್ಸಾಹವನ್ನು ಸೂಚಿಸುತ್ತದೆಯೋ ಸಂಕಟವನ್ನೋ ಎಂದು ತಿಳಿಯಲು ಅಂಗಳಕ್ಕೇ ಹೋಗಿ ಕೇಳಬೇಕು.

2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ದರ ಒಂಬತ್ತು ಸಾವಿರಕ್ಕಿಂತಲೂ ಕೆಳಗಿಳಿಯಿತು. ರೈತ ಸಂಘಟನೆಗಳು ಬೀದಿಗಿಳಿದವು. ಮುಂದೆ ಬೆಂಬಲ ಬೆಲೆಯಲ್ಲಿ ಕೊಬ್ಬರಿ ಖರೀದಿಗೆ 2024ರ ಆರಂಭದಲ್ಲಿ ನೋಂದಣಿ ನಡೆದಾಗ ಕೇಂದ್ರಗಳ ಮುಂದೆ ಬೆಳೆಗಾರರ ಉದ್ದನೆಯ ಸಾಲುಗಳು ಕಂಡವು. ಅಂದು ಸಾಲಿನಲ್ಲಿ ನಿಂತವರ ವಯಸ್ಸನ್ನು ನೋಡಿದ್ದರೆ, ಅವರಲ್ಲಿ ಎಷ್ಟು ಮಂದಿ ಟ್ವಿಟರಿನಲ್ಲಿ ಖಾತೆ ಹೊಂದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಬೆಂಗಳೂರಿನ ಒಂದು ಮೇಲ್ಸೇತುವೆಯ ಕಾಮಗಾರಿ ತಡವಾದರೆ ಏಳುವ ಜಾಲತಾಣದ ಅಲೆಯ ಪಕ್ಕದಲ್ಲಿ ಕೊಬ್ಬರಿಯ ದರ ಕುಸಿತದ ಸದ್ದು ಬಹಳ ಸಣ್ಣದು. ಆದರೆ ಅದರ ಪೆಟ್ಟು ತಿಂದ ಮನೆಗಳು ಮೂರು ತಾಲ್ಲೂಕುಗಳ ಪ್ರತಿ ಹಳ್ಳಿಯಲ್ಲೂ ಇದ್ದವು.

2025ರಲ್ಲಿ ಚಿತ್ರ ಬದಲಾಯಿತು. ಬೆಂಬಲ ಬೆಲೆ 12,100 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಇಪ್ಪತ್ತು ಸಾವಿರವನ್ನೂ ದಾಟಿ ಏರಿತು. ದಾಖಲೆ ದರದ ಸುದ್ದಿ ಜಾಲತಾಣಗಳಲ್ಲಿ ಸಂಭ್ರಮದಿಂದ ಹರಡಿತು. ಆದರೆ ದರ ಏರಲು ಒಂದು ಮುಖ್ಯ ಕಾರಣವೇ ಇಳುವರಿಯ ಕುಸಿತ. ಬರಗಾಲದ ಪೆಟ್ಟು ತೆಂಗಿನ ಮರದಲ್ಲಿ ಕಾಣಿಸಿಕೊಳ್ಳುವುದು ಒಂದೆರಡು ವರ್ಷ ತಡವಾಗಿ. ಜೊತೆಗೆ ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗಗಳ ಬಾಧೆ ಬೇರೆ. ಅಟ್ಟ ಬರಿದಾಗಿದ್ದ ರೈತನಿಗೆ ದಾಖಲೆ ದರ ಸಂತೋಷದ ಸುದ್ದಿಯೇನೂ ಆಗಿರಲಿಲ್ಲ.

‘ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು’ ಎಂಬ ಒಂದೇ ವಾಕ್ಯವನ್ನು ಕಾಯಿ ಉಳ್ಳ ಬೆಳೆಗಾರ ಬರೆದರೆ ಅದು ಹಿಗ್ಗು, ಕಾಯಿ ಇಲ್ಲದವನು ಬರೆದರೆ ಹತಾಶೆ, ಬೆಂಗಳೂರಿನ ಗೃಹಿಣಿ ಬರೆದರೆ ದೂರು, ದಲ್ಲಾಳಿ ಬರೆದರೆ ಬರಿಯ ಮಾಹಿತಿ. ಬರೆದವರು ಯಾರೆಂದು ತಿಳಿಯದ ಯಂತ್ರ ನಾಲ್ಕಕ್ಕೂ ಒಂದೇ ಅಂಕ ಕೊಡುತ್ತದೆ.

ತೆಂಗಿನ ಸೀಮೆಯ ನಿದರ್ಶನ: ಚುನಾವಣೆಗಳು

2023ರ ಮೇ 10ರಂದು ನಡೆದ ಕರ್ನಾಟಕ ವಿಧಾನಸಭಾ ಚುನಾವಣೆಗೆ ಮುನ್ನ ರಾಜ್ಯದ ಜಾಲತಾಣಗಳಲ್ಲಿ ಎರಡು ಅಲೆಗಳು ಎದ್ದಿದ್ದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಣಿಸಿಕೊಂಡ ‘ಪೇಸಿಎಂ’ ಭಿತ್ತಿಪತ್ರಗಳ ಪ್ರಚಾರ ಒಂದು. 2023ರ ಏಪ್ರಿಲ್ 5ರಂದು ಅಮುಲ್ ಸಂಸ್ಥೆ ಬೆಂಗಳೂರಿನಲ್ಲಿ ಹಾಲು ಮೊಸರು ಮಾರುವುದಾಗಿ ಟ್ವೀಟ್ ಮಾಡಿದ ಬಳಿಕ ‘ನಂದಿನಿ ಉಳಿಸಿ’ ಎಂಬರ್ಥದ ಹ್ಯಾಷ್‌ಟ್ಯಾಗುಗಳೊಂದಿಗೆ ಎದ್ದ ಅಲೆ ಇನ್ನೊಂದು. ಎರಡೂ ಆಗಿನ ಆಡಳಿತ ಪಕ್ಷಕ್ಕೆ ವಿರುದ್ಧವಾಗಿದ್ದವು. ಫಲಿತಾಂಶದಲ್ಲಿ ಕಾಂಗ್ರೆಸ್ 135, ಭಾರತೀಯ ಜನತಾ ಪಕ್ಷ 66, ಜಾತ್ಯತೀತ ಜನತಾದಳ 19 ಸ್ಥಾನಗಳನ್ನು ಪಡೆದವು. ಹಾಗಾದರೆ ಜಾಲತಾಣಗಳು ನಿಜ ಹೇಳಿದವೆನ್ನಬಹುದೆ?

ರಾಜ್ಯದ ಮಟ್ಟದಲ್ಲಿ ಹಾಗೆ ಕಾಣುತ್ತದೆ. ತಾಲ್ಲೂಕಿನ ಮಟ್ಟಕ್ಕೆ ಇಳಿದರೆ ಬೇರೆಯೇ ಚಿತ್ರ. ತಿಪಟೂರಿನಲ್ಲಿ ಕಾಂಗ್ರೆಸ್ಸಿನ ಕೆ. ಷಡಕ್ಷರಿ ಗೆದ್ದರು. ಆದರೆ ರಾಜ್ಯದಲ್ಲೆಲ್ಲ ಹತ್ತೊಂಬತ್ತೇ ಸ್ಥಾನಗಳಿಗೆ ಕುಸಿದ ಜನತಾದಳ ಪಕ್ಕದ ತುರುವೇಕೆರೆಯಲ್ಲಿ ಎಂ.ಟಿ. ಕೃಷ್ಣಪ್ಪ, ಚಿಕ್ಕನಾಯಕನಹಳ್ಳಿಯಲ್ಲಿ ಸಿ.ಬಿ. ಸುರೇಶಬಾಬು ಅವರ ಮೂಲಕ ಎರಡೂ ಕ್ಷೇತ್ರಗಳನ್ನು ಗೆದ್ದುಕೊಂಡಿತು. 2018ರಲ್ಲಿ ಈ ಮೂರೂ ಕ್ಷೇತ್ರಗಳು ಭಾರತೀಯ ಜನತಾ ಪಕ್ಷದ ಪಾಲಾಗಿದ್ದವು. 2023ರಲ್ಲಿ ಗೆದ್ದ ಮೂವರೂ 2013ರಲ್ಲಿ ಅದೇ ಕ್ಷೇತ್ರಗಳಿಂದ, ಅದೇ ಪಕ್ಷಗಳಿಂದ ಗೆದ್ದಿದ್ದವರು. ಅಭ್ಯರ್ಥಿಯ ಪರಿಚಯ, ಹಳೆಯ ಒಲವು, ಹೇಮಾವತಿ ನಾಲೆಯ ನೀರು, ಊರೂರಿನ ಲೆಕ್ಕಾಚಾರಗಳು ಇಂತಹ ಫಲಿತಾಂಶಗಳ ಹಿಂದೆ ಇರುತ್ತವೆ. ಇವು ಯಾವ ಹ್ಯಾಷ್‌ಟ್ಯಾಗಿನಲ್ಲೂ ಹಿಡಿಸುವಂಥವಲ್ಲ. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಈ ಮೂರೂ ಕ್ಷೇತ್ರಗಳನ್ನು ಒಳಗೊಂಡ ತುಮಕೂರು ಸ್ಥಾನವನ್ನು ಜನತಾದಳದ ಮೈತ್ರಿಯೊಂದಿಗೆ ಸ್ಪರ್ಧಿಸಿದ ಭಾರತೀಯ ಜನತಾ ಪಕ್ಷದ ವಿ. ಸೋಮಣ್ಣ ಗೆದ್ದರು.

ನಂದಿನಿಯ ಅಲೆಯಲ್ಲೂ ಒಂದು ಸೂಕ್ಷ್ಮವಿದೆ. ಜಾಲತಾಣದಲ್ಲಿ ಅದು ನಾಡಿನ ಸ್ವಾಭಿಮಾನದ ಪ್ರಶ್ನೆಯಾಗಿ ವ್ಯಕ್ತವಾಯಿತು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ತೆಂಗಿನ ಸೀಮೆಯ ಮಹಿಳೆಗೆ ಅದು ಲೀಟರಿಗೆ ಎಷ್ಟು, ಬಟವಾಡೆ ಎಂದು, ಹಿಂಡಿಯ ಬೆಲೆ ಎಷ್ಟು ಎಂಬ ಪ್ರಶ್ನೆ. ಎರಡೂ ಒಂದೇ ಕಡೆಗೆ ವಾಲಿದ್ದರೂ ಒಂದೇ ಭಾವವಲ್ಲ.

ಬರೆಯುವವರು ಮತ್ತು ಬರೆಯದವರು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಮಹಿಳೆಯರಲ್ಲಿ ಎಂದಾದರೂ ಅಂತರ್ಜಾಲ ಬಳಸಿದವರು ಮೂರನೇ ಒಂದು ಭಾಗದಷ್ಟು ಮಾತ್ರ; ಪುರುಷರಲ್ಲಿ ಅರ್ಧಕ್ಕಿಂತ ಹೆಚ್ಚು. ಬಳಸುವವರೆಲ್ಲ ಬರೆಯುವುದೂ ಇಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಕಂಡುಕೊಂಡಂತೆ, ಆ ದೇಶದ ವಯಸ್ಕ ಬಳಕೆದಾರರ ಟ್ವೀಟುಗಳಲ್ಲಿ ನೂರಕ್ಕೆ ಎಂಬತ್ತನ್ನು ಬರೆದವರು ನೂರಕ್ಕೆ ಹತ್ತು ಮಂದಿ. ಕೊಬ್ಬರಿ ಸುಲಿಯುವ ಕೂಲಿ ಮಹಿಳೆಯರು, ಮರ ಹತ್ತುವವರು, ಒಂದೆರಡು ಎಕರೆಯ ವೃದ್ಧ ಬೆಳೆಗಾರರು ಇಂತಹ ಎಣಿಕೆಯಲ್ಲಿ ಇರುವುದೇ ಇಲ್ಲ. ಅವರ ಪರವಾಗಿ ಬೆಂಗಳೂರಿನಲ್ಲಿರುವ ಮಗನೋ ಮೊಮ್ಮಗನೋ ಬರೆಯಬಹುದು. ಅದು ಅವರ ಮಾತಲ್ಲ, ಅವರ ಬಗೆಗಿನ ಮಾತು.

ಹಳ್ಳಿಗಳಲ್ಲಿ ನಿಜವಾದ ಚರ್ಚೆ ನಡೆಯುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅದರಲ್ಲೂ ಧ್ವನಿ ಸಂದೇಶಗಳಲ್ಲಿ. ಅಲ್ಲಿನ ಸಂದೇಶಗಳು 2016ರಿಂದ ಸಂಪೂರ್ಣ ಗೂಢಲಿಪೀಕರಣಕ್ಕೆ ಒಳಪಟ್ಟಿರುವುದರಿಂದ ಸಂಶೋಧಕರಿಗೆ ಸಿಗುವುದಿಲ್ಲ, ಸಿಗಬಾರದೆಂಬುದೇ ಸರಿ. ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಟ್ವಿಟರಿನ ಮಾತನ್ನು ಜನರ ಮಾತೆಂದು ಎಣಿಸುವುದು, ಬೆಳಕಿದೆಯೆಂದು ದೀಪದ ಕಂಬದ ಕೆಳಗೇ ಕಳೆದ ಉಂಗುರವನ್ನು ಹುಡುಕಿದ ಕಥೆಯನ್ನು ನೆನಪಿಸುತ್ತದೆ.

ಕೃತಕ ಅಲೆಗಳು ಮತ್ತು ವದಂತಿ

ಹ್ಯಾಷ್‌ಟ್ಯಾಗುಗಳನ್ನು ನಿಗದಿತ ಹೊತ್ತಿಗೆ ಒಟ್ಟಾಗಿ ಹರಿಯಬಿಟ್ಟು ಮುಂಚೂಣಿಗೆ ತರುವುದು ಇಂದು ಎಲ್ಲ ಪಕ್ಷಗಳ, ಚಲನಚಿತ್ರ ಅಭಿಮಾನಿ ಬಳಗಗಳ ವಾಡಿಕೆ. ಒಂದೇ ಒಕ್ಕಣೆಯ ನೂರಾರು ಬರಹಗಳು ಕೆಲವೇ ನಿಮಿಷಗಳಲ್ಲಿ ಬಂದಿದ್ದರೆ ಅದು ಜನಾಭಿಪ್ರಾಯವಲ್ಲ, ಪ್ರಚಾರ.

ಸಂದೇಶಗಳು ಮನಃಸ್ಥಿತಿಯನ್ನು ತೋರಿಸುವುದರ ಜೊತೆಗೆ ಅದನ್ನು ಉಂಟುಮಾಡುತ್ತವೆ ಕೂಡ. 2012ರ ಆಗಸ್ಟಿನಲ್ಲಿ ಹಲ್ಲೆಯಾಗಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. ಕೇಂದ್ರ ಸರ್ಕಾರ ಸಾಮೂಹಿಕ ಸಂದೇಶಗಳಿಗೆ ತಾತ್ಕಾಲಿಕ ನಿರ್ಬಂಧ ಹೇರಬೇಕಾಯಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿಯಿಂದ ಬೆಂಗಳೂರು ಮತ್ತು ಬೀದರ್ ಜಿಲ್ಲೆಯಲ್ಲಿ ಅಮಾಯಕರ ಕೊಲೆಗಳಾದವು. ಅದೇ ವರ್ಷದ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು. ಇಂತಹ ದಿನಗಳಲ್ಲಿ ಯಾರಾದರೂ ಸಂದೇಶಗಳ ಭಾವವನ್ನು ಅಳೆದಿದ್ದರೆ ಭಯ ನಿಜವೆಂದೇ ತೋರುತ್ತಿತ್ತು. ಭಯ ನಿಜವೇ ಆಗಿತ್ತು. ಅದರ ಕಾರಣ ಸುಳ್ಳಾಗಿತ್ತು.

ಉಪಯುಕ್ತವಾದ ಸಂದರ್ಭಗಳು

ಜಪಾನಿನ ಸಂಶೋಧಕರು 2010ರಲ್ಲಿ ಟ್ವೀಟುಗಳ ಮೂಲಕ ಭೂಕಂಪಗಳನ್ನು ಬಹುಬೇಗ ಗುರುತಿಸಬಹುದೆಂದು ತೋರಿಸಿದರು. 2018ರ ಆಗಸ್ಟಿನ ಕೊಡಗಿನ ಭೂಕುಸಿತ ಹಾಗೂ 2021ರ ಕೋವಿಡ್ ಎರಡನೆಯ ಅಲೆಯ ಸಂದರ್ಭದಲ್ಲಿ ನೆರವು ಬೇಕಾದವರ ಮಾಹಿತಿ ಜಾಲತಾಣಗಳಲ್ಲಿ ಬಹಳ ಬೇಗ ಹರಿದಾಡಿತು. ಇಲ್ಲೆಲ್ಲ ಪ್ರಶ್ನೆ ‘ಏನಾಗುತ್ತಿದೆ, ಎಲ್ಲಿ’ ಎಂಬುದು. ಅದಕ್ಕೆ ಪ್ರಾತಿನಿಧಿಕ ಮಾದರಿ ಬೇಕಿಲ್ಲ, ಒಬ್ಬ ಪ್ರತ್ಯಕ್ಷದರ್ಶಿ ಸಾಕು. ‘ಎಷ್ಟು ಜನ ಹೀಗೆ ಯೋಚಿಸುತ್ತಾರೆ’ ಎಂದು ಕೇಳಿದಾಗ ಮಾದರಿ ಅನಿವಾರ್ಯವಾಗುತ್ತದೆ. ಅದೇ ತಾಣದಲ್ಲಿ, ಅದೇ ಪದಗಳ ಬಳಕೆ ಕಾಲದಿಂದ ಕಾಲಕ್ಕೆ ಹೇಗೆ ಬದಲಾಗಿದೆ ಎಂಬ ಹೋಲಿಕೆಯೂ ಎಚ್ಚರಿಕೆಯಿಂದ ಮಾಡಿದರೆ ಪ್ರಯೋಜನಕಾರಿ. ತೆಂಗಿನ ರೋಗಗಳಂತಹ ನಿಧಾನದ ವಿಪತ್ತುಗಳು ಮಾತ್ರ ಇಲ್ಲಿಯೂ ಕಾಣಿಸುವುದಿಲ್ಲ. ಬುಡದಿಂದಲೇ ಮರವನ್ನು ಕೊಲ್ಲುವ ಅಣಬೆ ರೋಗ ಮರದಿಂದ ಮರಕ್ಕೆ, ತೋಟದಿಂದ ತೋಟಕ್ಕೆ ಹರಡಲು ವರ್ಷಗಳನ್ನೇ ತೆಗೆದುಕೊಳ್ಳುತ್ತದೆ.

ದತ್ತಾಂಶ ಮತ್ತು ಖಾಸಗಿತನ

2018ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಜಾಲತಾಣಗಳ ಬರಹಗಳನ್ನು ಜಿಲ್ಲಾ ಮಟ್ಟದವರೆಗೂ ಗಮನಿಸುವ ‘ಸೋಷಿಯಲ್ ಮೀಡಿಯಾ ಕಮ್ಯುನಿಕೇಷನ್ ಹಬ್’ ಎಂಬ ಯೋಜನೆಗೆ ಟೆಂಡರು ಕರೆಯಲು ಮುಂದಾಯಿತು. ಇದು ನಾಗರಿಕರ ಮೇಲೆ ಕಣ್ಗಾವಲಾಗುತ್ತದೆಂದು ಮಹುವಾ ಮೊಯಿತ್ರಾ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ನ್ಯಾಯಾಲಯ ಆತಂಕ ವ್ಯಕ್ತಪಡಿಸಿದ ಬಳಿಕ ಆಗಸ್ಟಿನಲ್ಲಿ ಸರ್ಕಾರ ಯೋಜನೆಯನ್ನು ಹಿಂದೆಗೆದುಕೊಂಡಿತು. ಅದಕ್ಕೆ ಒಂದು ವರ್ಷ ಮೊದಲು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಅದೇ ನ್ಯಾಯಾಲಯ ತೀರ್ಪಿತ್ತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಸಂಶೋಧಕರಿಗೆ ದತ್ತಾಂಶ ಸಿಗುವ ದಾರಿಗಳು ಈಚೆಗೆ ಕಿರಿದಾಗಿವೆ. 2023ರಲ್ಲಿ ಟ್ವಿಟರ್ ತನ್ನ ಉಚಿತ ದತ್ತಾಂಶ ಸೌಲಭ್ಯವನ್ನು ಬಹುಮಟ್ಟಿಗೆ ನಿಲ್ಲಿಸಿ ಶುಲ್ಕ ವಿಧಿಸತೊಡಗಿತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬರಹಗಳ ಅಧ್ಯಯನಕ್ಕೆ ನೆರವಾಗುತ್ತಿದ್ದ ‘ಕ್ರೌಡ್‌ಟ್ಯಾಂಗಲ್’ ಸಾಧನವನ್ನು ಮೆಟಾ ಸಂಸ್ಥೆ 2024ರ ಆಗಸ್ಟಿನಲ್ಲಿ ಮುಚ್ಚಿತು. ಹೀಗಾಗಿ ಹಿಂದಿನ ಅಧ್ಯಯನಗಳನ್ನು ಮತ್ತೆ ಮಾಡಿ ಪರೀಕ್ಷಿಸುವುದು ವಿಶ್ವವಿದ್ಯಾನಿಲಯಗಳಿಗೆ ಕಷ್ಟವಾಗಿದೆ. ಹಣ ಕೊಟ್ಟು ದತ್ತಾಂಶ ಕೊಳ್ಳಬಲ್ಲ ಪ್ರಚಾರ ಸಂಸ್ಥೆಗಳ ಅಂದಾಜುಗಳನ್ನು ಹೊರಗಿನವರು ಪರಿಶೀಲಿಸುವ ಮಾರ್ಗವೂ ಇದರಿಂದ ಕಡಿಮೆಯಾಗಿದೆ.